ಅರಿಸಿನ ದಾರದ ಮೂರನೆಯ ಗಂಟು

ನನ್ನ ಅಂಗಡಿಯ ಮುಂದೆಯೇ ಹಾದು, ಒಳಗೆ ತಿರುಗಿಯೂ ನೋಡದೆ, ಪಕ್ಕದ ಓಣಿ ಹಿಡಿದು ನಮ್ಮ ಹಿತ್ತಿಲ ಬಾಗಿಲಿಗೆ ಹೋಗುತ್ತಿದ್ದ ಹೆಂಗಸರನ್ನು ನಾನು ಎಣಿಸುತ್ತಿದ್ದೆ. ಕೊಪ್ಪದ ಪೇಟೆಯಲ್ಲಿ ಆಗ ಹೊಲಿಗೆ ಮಿಷನ್ನು ಇದ್ದದ್ದು ಎರಡೇ ಕಡೆ, ಅದರಲ್ಲಿ ಒಂದು ನನ್ನದು. ಹೈಸ್ಕೂಲು ಓದಿದರೂ ಗುಮಾಸ್ತನಾಗುವ ಯೋಗ ಕೂಡಿಬರದೆ, ಶಿವಮೊಗ್ಗದಲ್ಲಿ ಹಿರಿಯ ದರ್ಜಿಯೊಬ್ಬರ ಕೈಕೆಳಗೆ ಎರಡು ವರ್ಷ ಕೂತು ಕಲಿತು ಬಂದವನು ನಾನು. ಕೋಟಿಗೆ ಕಾಲರು ಕೂರಿಸುವುದರಲ್ಲಿ ನನಗೆ ಹೆಸರಿತ್ತು. ಆದರೂ ಆ ಹೆಂಗಸರು ಹೋಗುತ್ತಿದ್ದದ್ದು ಹಿತ್ತಿಲಿಗೆ, ಒಂದು ಸೂಜಿ ಮತ್ತು ಒಂದು ಮೊಂಡು ಕತ್ತರಿ ಬಿಟ್ಟರೆ ಬೇರೇನೂ ಇಲ್ಲದ ನನ್ನ ಹೆಂಡತಿಯ ಹತ್ತಿರ.

ಅವಳು ಈಗ ಇಲ್ಲ. ನನಗೂ ಎಂಬತ್ತು ದಾಟಿತು. ಅವಳ ಎದುರಿಗೆ ಹೇಳಬೇಕಾಗಿದ್ದನ್ನು ಈಗ ಬರೆದು ಏನು ಉಪಯೋಗ ಎಂದು ಮಗಳು ಕೇಳಬಹುದು. ಕೇಳಲಿ. ಬರೆಯದೆ ಇರಲು ನನ್ನಿಂದ ಆಗುತ್ತಿಲ್ಲ.

ಎಲ್ಲ ಶುರುವಾದದ್ದು ನನ್ನ ಮಿಷನ್ನಿನ ಕೆಳಗೆ ಬೀಳುತ್ತಿದ್ದ ಚೂರುಗಳಿಂದ. ಸಂಜೆ ಅಂಗಡಿ ಗುಡಿಸಲು ಬಂದಾಗ ಅವಳು ಅವನ್ನು ಸೆರಗಿನಲ್ಲಿ ತುಂಬಿಕೊಂಡು ಒಯ್ಯುತ್ತಿದ್ದಳು. ನಮಗೆ ಆಗ ಇಬ್ಬರು ಹೆಣ್ಣುಮಕ್ಕಳು. ಚಿಕ್ಕದು ಇನ್ನೂ ತೊಟ್ಟಿಲಲ್ಲಿತ್ತು. ಗೇಣುದ್ದದ ಬಟ್ಟೆಯನ್ನು ಮಡಚಿ, ಒಂದು ಬದಿ ಹೊಲಿದು, ಕತ್ತಿನ ಕಡೆ ದಾರ ಪೋಣಿಸಿ ಎಳೆದರೆ ಅದು ಮಗುವಿನ ಕುಲಾವಿ. ಬೆರಳಗಲದ ರೇಷ್ಮೆ ಪಟ್ಟಿಯ ಒಂದು ಅಂಚಿಗೆ ಸಡಿಲವಾಗಿ ಹೊಲಿಗೆ ಓಡಿಸಿ ಎಳೆದರೆ ಅದು ತಾನಾಗಿ ಸುತ್ತಿಕೊಂಡು ಗುಲಾಬಿಯಾಗುತ್ತಿತ್ತು. ಅದನ್ನು ದೊಡ್ಡವಳ ಜಡೆಗೆ ಸಿಕ್ಕಿಸುತ್ತಿದ್ದಳು. ನನ್ನ ಹಳೆಯ ಪಂಚೆಯೊಂದು ಲಂಗವಾಯಿತು, ಪಂಚೆಯ ಅಂಚೇ ಲಂಗದ ಅಂಚು. ಕಡ್ಡಿ ಮುರಿದ ಕೊಡೆಯ ಕಪ್ಪು ಬಟ್ಟೆ ಕೆಂಪು ಹೂವಿನ ಚೀಲವಾಯಿತು. ಮಕ್ಕಳು ಹಾಗೆ ಸಿಂಗರಿಸಿಕೊಂಡು ಗುಡಿಗೆ ಹೋದರೆ ಸಾಕು, ಮರುದಿನ ಯಾರಾದರೂ ಹಿತ್ತಿಲಿಗೆ ಬಂದು, "ಅದು ಹೆಂಗೆ ಮಾಡದು ತೋರ್ಸೇ ಮಾರಾಯ್ತಿ" ಅನ್ನುತ್ತಿದ್ದರು. ಅವಳು ತೋರಿಸುತ್ತಿದ್ದಳು. "ಇದ್ರಲ್ಲಿ ಎಂತದೂ ಇಲ್ಲ. ಮಡಚು, ಹೊಲಿ, ಎಳಿ. ಅಷ್ಟೆ."

ಈ ಅಷ್ಟೆ ಎಂಬ ಮಾತು ಗೋಡೆಯ ಆಚೆ ಕೂತ ನನಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ನಾನು ಎರಡು ವರ್ಷ ಬೈಗುಳ ತಿಂದು ಕಲಿತ ವಿದ್ಯೆ ಅದು.

ಮುಂದೆ ರವಿಕೆಗಳು ಬಂದವು. ಆಗಿನ ಕಾಲದಲ್ಲಿ ಗಂಡಸು ದರ್ಜಿ ಹೆಂಗಸರ ಮೈ ಅಳತೆ ತೆಗೆಯುವಂತಿರಲಿಲ್ಲ. ಮನೆಯವರು ಒಂದು ಹಳೆಯ ರವಿಕೆ ಕಳಿಸುತ್ತಿದ್ದರು, ಅದನ್ನು ನೋಡಿ ನಾನು ಕತ್ತರಿಸಬೇಕು. ಆ ಹಳೆಯದು ಒಗೆದೊಗೆದು ಕುಗ್ಗಿರುತ್ತಿತ್ತು, ಇಲ್ಲವೇ ತಂಗಿಯದಾಗಿರುತ್ತಿತ್ತು. ನಾನು ಹೊಲಿದದ್ದು ಒಬ್ಬರಿಗೂ ಸರಿಯಾಗಿ ಕೂರುತ್ತಿರಲಿಲ್ಲ. ನನ್ನ ಹೆಂಡತಿ ಅಡುಗೆಮನೆಯ ಬಾಗಿಲು ಹಾಕಿಕೊಂಡು ನೂಲಿನ ದಾರದಿಂದ ಅಳೆಯುತ್ತಿದ್ದಳು. ದಾರದ ತಲೆಯಿಂದ ಹಿಡಿದು ಕತ್ತಿಗೆ ಒಂದು ಗಂಟು, ಬೆನ್ನಿಗೆ ಒಂದು, ತೋಳಿಗೆ ಒಂದು, ಎದೆಗೆ ಒಂದು. ಯಾರ ದಾರವೆಂದು ಗೊತ್ತಾಗಲು ತುದಿಗೆ ಅವರದೇ ಬಟ್ಟೆಯ ಚೂರು. ಒಲೆಯ ಪಕ್ಕದ ಗೋಡೆಯ ಮೊಳೆಗೆ ಇಂಥ ದಾರಗಳು ಗೊಂಚಲಾಗಿ ತೂಗುತ್ತಿದ್ದವು. ಅವಳು ಅವನ್ನು ಕಣ್ಣಿನಿಂದ ನೋಡುತ್ತಿರಲಿಲ್ಲ. ಬೆರಳಿನಿಂದ ತಡವಿ ಕತ್ತರಿಸುತ್ತಿದ್ದಳು. ಕೈಹೊಲಿಗೆ, ತೋಳಿಗೆ ಉಬ್ಬು, ಮೈಗೆ ಅಂಟಿದಂತೆ ಕೂರುವ ರವಿಕೆ.

ನಮ್ಮ ಓಣಿಯ ಎದುರಿಗೆ ದಿನಸಿ ವ್ಯಾಪಾರಿಯೊಬ್ಬ ಇದ್ದ, ನನ್ನ ಗೆಳೆಯ. ಮಧ್ಯಾಹ್ನ ನನ್ನ ಬೆಂಚಿನ ಮೇಲೆ ಕೂತು ಎಲೆಯಡಿಕೆ ಹಾಕುವಾಗ ಅವನು ಹೇಳುತ್ತಿದ್ದ: "ಎಂತ ಮಾರಾಯ, ಮಿಷನ್ ತುಳಿಯದು ನೀನು, ಹೆಸ್ರು ಹಿತ್ಲಿಗೆ! ನಂಗೂ ಒಂದು ಅಂಗಿ ಬೇಕಿತ್ತು. ನಿನ್ನ ಕೇಳದಾ, ಹಿತ್ಲಿಗೆ ಹೋಗಿ ಕೇಳದಾ?"

ನಾನು ನಗುತ್ತಿದ್ದೆ. ಆದರೆ ಆ ವಾರದಿಂದ ಅಂಗಡಿಯನ್ನು ನಾನೇ ಗುಡಿಸಿ, ಚೂರುಗಳನ್ನೆಲ್ಲ ಬಚ್ಚಲ ಒಲೆಗೆ ಹಾಕತೊಡಗಿದೆ.

"ಚೂರು ಇಲ್ವಾ ಇವತ್ತೂ?" ಎಂದು ಅವಳು ಕೇಳಿದಳು.

"ಎಲ್ಲಾ ಬಟ್ಟೆಗೇ ಸರಿಹೋಯ್ತು. ಉಳೀಲಿಲ್ಲ."

"ಹಂಗಾರೆ ಬಚ್ಚಲ ಬೂದಿಲಿ ಗುಂಡಿ ಎಲ್ಲಿಂದ ಬಂತು?" ಎಂದು ಅಂಗೈ ಚಾಚಿದಳು. ಕೋಟಿನ ಗುಂಡಿ, ಅರ್ಧ ಸುಟ್ಟದ್ದು. ಅವಳು ನಕ್ಕಳು. ಜಗಳ ಮಾಡಿದ್ದರೆ ನನ್ನ ಹೊಟ್ಟೆಯುರಿ ಅಲ್ಲಿಗೆ ಆರುತ್ತಿತ್ತೇನೋ. ನಕ್ಕದ್ದರಿಂದ ಅದು ಇನ್ನಷ್ಟು ಹತ್ತಿಕೊಂಡಿತು. ಆ ಗುಂಡಿಯನ್ನೂ ಅವಳು ಬಿಡಲಿಲ್ಲ, ಕೊಡೆಬಟ್ಟೆಯ ಚೀಲದ ಬಾಯಿಗೆ ಹೊಲಿದಳು.

ಆ ಗೆಳೆಯನ ಮಗಳನ್ನು ಭಂಡಿಗಡಿಗೆ ಕೊಟ್ಟಿದ್ದರು. ಮದುವೆಯಾಗಿ ಆರು ವರ್ಷದ ಮೇಲೆ ಹುಡುಗಿ ಬಸುರಾದಳು. ನಮ್ಮಲ್ಲಿ ಚೊಚ್ಚಲ ಬಸುರಿಗೆ ತವರಿನವರು ಹಸಿರು ರವಿಕೆ ಒಯ್ದು ತೊಡಿಸುವ ಶಾಸ್ತ್ರವಿದೆ, ಅದಕ್ಕೆ ಕುಬುಸ ಎಂದೇ ಹೆಸರು. ಆ ರವಿಕೆಯನ್ನು ಶಾಸ್ತ್ರಕ್ಕೆ ಮುಂಚೆ ಮೈಗೆ ತಾಗಿಸಿ ನೋಡುವಂತಿಲ್ಲ. ಹುಡುಗಿಯ ತಾಯಿ ಹಸಿರು ಖಣ ಹಿಡಿದುಕೊಂಡು ನನ್ನ ಅಂಗಡಿಯ ಮುಂದೆ ಬಂದರು. ನಾನು ಎದ್ದು ನಿಂತೆ. ಅವರು ಓಣಿಗೆ ತಿರುಗಿದರು.

ಹುಡುಗಿ ಒಂದು ದಿನ ತವರಿಗೆ ಬಂದಿದ್ದಾಗ ನನ್ನವಳು ಅಳತೆ ತೆಗೆದು, ಗಂಟು ಹಾಕಿ, ಶುಭಕಾರ್ಯದ್ದು ಎಂದು ಆ ದಾರವನ್ನು ಅರಿಸಿನದ ನೀರಿನಲ್ಲಿ ಅದ್ದಿ ಮೊಳೆಗೆ ತೂಗುಹಾಕಿದಳು. ಮಾರನೆಯ ಮಧ್ಯಾಹ್ನ ನೀರು ಕುಡಿಯಲು ನಾನು ಒಳಗೆ ಹೋದೆ. ಅವಳು ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುತ್ತಿದ್ದಳು. ಒಗೆಯುವ ಸದ್ದು ಕೇಳುತ್ತಿತ್ತು. ಆ ಸದ್ದು ಕೇಳುತ್ತಲೇ ನಾನು ಹಳದಿ ದಾರವನ್ನು ಇಳಿಸಿ, ಮೂರನೆಯ ಗಂಟನ್ನು, ತೋಳಿನ ಗಂಟನ್ನು ಉಗುರಿನಿಂದ ಬಿಚ್ಚಿ, ಎರಡು ಬೆರಳು ಹಿಂದಕ್ಕೆ ಹಾಕಿದೆ. ಯಾವ ಭೂತವೂ ಮೈಮೇಲೆ ಬಂದಿರಲಿಲ್ಲ. ನನಗೆ ಚೆನ್ನಾಗಿ ಎಚ್ಚರವಿತ್ತು. ಆಮೇಲೆ ನೀರು ಕುಡಿದು ಹೋದೆ.

ಭಂಡಿಗಡಿಗೆ ಎತ್ತಿನ ಗಾಡಿಯಲ್ಲಿ ಹೋದೆವು. ಗಂಡಸರು ಜಗಲಿಯ ಮೇಲೆ, ಹೆಂಗಸರು ಒಳಗೆ. ಸೋಬಾನೆ ಹಾಡು ನಡೆಯುತ್ತಿತ್ತು, ನಡುವೆಯೇ ನಿಂತಿತು.

"ಅವ್ವಾ, ಎಳೀಬೇಡಿ, ಬಳೆ ಒಡೀತದೆ" ಎಂದು ಹುಡುಗಿ ಅಂದದ್ದು ಕೇಳಿಸಿತು. ರವಿಕೆಯ ತೋಳು ಬಿಗಿಯಾಗಿ ಮೊಣಕೈಯಲ್ಲೇ ಸಿಕ್ಕಿಕೊಂಡಿತ್ತು, ಮೇಲಕ್ಕೂ ಹೋಗದು, ಕೆಳಕ್ಕೂ ಬಾರದು. ಚಿಟ್ಟೆಂದು ಒಂದು ಗಾಜಿನ ಬಳೆ ಒಡೆಯಿತು.

ಹುಡುಗಿಯ ಅತ್ತೆಯ ದನಿ ಎದ್ದಿತು: "ಎಂತದೇ ಇದು? ತವರಿನ ಕುಬುಸ ಮೈಗೇ ಹತ್ತಲ್ಲ ಅಂದ್ರೆ! ಆರು ವರ್ಷಕ್ಕೆ ಒಂದು ಬಸ್ರು ನಿಂತದೆ, ಅದ್ರ ಮೇಲೆ ಈ ಅಪಶಕುನ ಬೇರೆ. ಯಾರೇ ಹೊಲ್ದಿದ್ದು?"

ನನ್ನ ಗೆಳೆಯನ ಮುಖ ಬಿಳಿಚಿತು. ಆದರೂ ನಗುವಿನಲ್ಲಿ ಮುಚ್ಚಲು ನೋಡಿದ. "ಮಿಷನ್ನಿನ ಯಜಮಾನ ಇಲ್ಲೇ ಕೂತಿದಾನಲ್ಲ, ಕರೀರಿ ಒಳಗೆ!"

ಆಗ ನನ್ನ ಹೆಂಡತಿ ಬೆಳಕಿಗಾಗಿ ಬಾಗಿಲ ಹತ್ತಿರ ಬಂದಳು. ರವಿಕೆಯ ಜೊತೆಗೇ ತಂದಿದ್ದ ಅಳತೆಯ ದಾರ ಅವಳ ಕೈಯಲ್ಲಿತ್ತು. ಒಂದು, ಎರಡು, ಮೂರು ಎಂದು ಬೆರಳು ಸರಿಯಿತು, ಮೂರನೆಯದರಲ್ಲಿ ನಿಂತಿತು. ದಾರವನ್ನು ಕಣ್ಣಿನ ಹತ್ತಿರ ತಂದು ನೋಡಿದಳು. ಅಲ್ಲಿಂದ ಎರಡು ಮಾರು ದೂರದಲ್ಲಿ ನಾನು ಕೂತಿದ್ದೆ. ಅವಳು ನನ್ನ ಕಡೆ ತಿರುಗಲೇ ಇಲ್ಲ.

"ಅವ್ರು ಬೇಡ" ಎಂದಳು ಒಳಗಿನವರಿಗೆ. "ತಪ್ಪು ನಂದು. ಗಂಟು ಹಾಕದ್ರಲ್ಲಿ ನಾನೇ ತಪ್ಪಿದೆ. ಒಂದು ಗಳಿಗೆ ಕೂತ್ಕಳಿ ಅಮ್ಮಾ, ಸರಿ ಮಾಡ್ತೆ."

ಸ್ವಲ್ಪ ಹೊತ್ತಿಗೆ ಹುಡುಗಿ ಹಿರಿಯರಿಗೆ ನಮಸ್ಕಾರ ಮಾಡಲು ಹೊರಗೆ ಬಂದಳು. ಎರಡೂ ತೋಳಿನ ಹೊಲಿಗೆ ಬಿಚ್ಚಿ, ಒಳಭಾಗಕ್ಕೆ ಕೆಂಪು ಪಟ್ಟಿ ಸೇರಿಸಲಾಗಿತ್ತು. ಆ ಕೆಂಪು ನನಗೆ ಪರಿಚಯದ್ದು, ನನ್ನ ಹೆಂಡತಿ ಉಟ್ಟಿದ್ದ ಸೀರೆಯ ಸೆರಗಿನದು. ಹಿಂದೆ ನಿಂತ ಮುದುಕಿಯೊಬ್ಬಳು ಅಂದಳು: "ಇದೇ ಚಂದ ಕಾಣ್ತದಲ್ಲೇ! ಬಳ್ಳಿಲಿ ತೊಂಡೆಹಣ್ಣು ಬಿಟ್ಟಂಗೆ." ಕೆಲವರು ನಕ್ಕರು. ಅತ್ತೆ ನಗಲಿಲ್ಲ. ಒಡೆದ ಬಳೆಯ ಚೂರುಗಳು ಅವಳ ಅಂಗೈಯಲ್ಲೇ ಇದ್ದವು.

ಗಾಡಿಯಲ್ಲಿ ಹಿಂದಿರುಗುವಾಗ ನನ್ನ ಹೆಂಡತಿ ಹರಿದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕೂತಿದ್ದಳು. ದಾರಿಯುದ್ದಕ್ಕೂ ಆಡಿದ್ದು ಒಂದೇ ಮಾತು: "ಗಾಳಿ ಬೀಸ್ತಿದೆ, ಮಗೂಗೆ ಹೊದಿಸಿ."

ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದರೆ ಮೊಳೆಯ ಮೇಲಿದ್ದ ದಾರಗಳೆಲ್ಲ ಒಂದೇ ಕಟ್ಟಿನಲ್ಲಿ ಮಿಷನ್ನಿನ ಮೇಲೆ ಇದ್ದವು.

"ಇದೆಂತಕ್ಕೆ ಇಲ್ಲಿ?" ಎಂದೆ.

"ಇನ್ಮೇಲೆ ರವಿಕೆ ನೀವೇ ಹೊಲೀರಿ. ಯಾರಾದ್ರೂ ಬಂದ್ರೆ ಅಳತೆ ತೆಗ್ದು ಕೊಡ್ತೆ. ಹೊಲಿಯದು ಬೇಡ ನಂಗೆ."

"ಒಂದು ತಪ್ಪಾಯ್ತು ಅಂತ ಯಾರಾದ್ರೂ ಬಿಡ್ತಾರಾ?" ಎಂದೆ. ಹೌದು, ಹಾಗೆ ಕೇಳುವಷ್ಟು ನಾಚಿಕೆಗೇಡಿಯಾಗಿದ್ದೆ ನಾನು.

ಅವಳು ಒಳಗೆ ಹೋದಳು. ಕಟ್ಟಿನ ಮೇಲುಗಡೆಯೇ ಹಳದಿ ದಾರವಿತ್ತು. ಬೆಳಕಿಗೆ ಹಿಡಿದೆ. ಮೂರನೆಯ ಗಂಟಿನಿಂದ ಎರಡು ಬೆರಳು ಮುಂದಕ್ಕೆ, ಅರಿಸಿನ ಹತ್ತದ ಒಂದು ಬಿಳಿ ಗುರುತು. ಗಂಟು ಹಾಕಿದ ಮೇಲೆ ದಾರ ಅದ್ದಿದ್ದರಿಂದ ಗಂಟಿನ ಒಳಗೆ ಬಣ್ಣ ಇಳಿದಿರಲಿಲ್ಲ. ನಾನು ಬಿಚ್ಚಿದ ಜಾಗ ಹಾಗೆಯೇ ಬಿಳಿಯಾಗಿ ಉಳಿದಿತ್ತು. ಕಾಲರಿನ ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಕಂಡುಹಿಡಿಯುವ ನಾನು ಅದನ್ನು ನೋಡಿರಲಿಲ್ಲ. ಮನೆಯಲ್ಲಿ ಇದ್ದವರು ನಾವಿಬ್ಬರೇ ಮತ್ತು ಎರಡು ಎಳೆಯ ಮಕ್ಕಳು. ಅವಳು ಯಾರನ್ನೆಂದು ಅನುಮಾನಿಸಬೇಕಿತ್ತು?

ಅದರ ಮುಂದಿನ ಮೂರು ತಿಂಗಳು ಭಂಡಿಗಡಿ ಕಡೆಯ ಗಾಡಿ ಪೇಟೆಗೆ ಬಂದರೆ ನನ್ನ ಕಾಲು ಮಿಷನ್ನಿನ ಮೇಲೆ ನಿಂತುಬಿಡುತ್ತಿತ್ತು. ಆ ಹುಡುಗಿಗೆ ಏನಾದರೂ ಆದರೆ ಒಡೆದ ಬಳೆಯನ್ನೇ ಎಲ್ಲರೂ ನೆನೆಯುತ್ತಾರೆ, ನನ್ನ ಹೆಂಡತಿಯ ಹೆಸರನ್ನೇ ಹೇಳುತ್ತಾರೆ. ದೇವರು ದೊಡ್ಡವನು. ಗಂಡು ಮಗು ಹುಟ್ಟಿತು, ತಾಯಿ ಮಗು ಇಬ್ಬರೂ ಸುಖವಾಗಿದ್ದರು. ನನ್ನವಳು ಒಂದು ಕುಲಾವಿ ಹೊಲಿದು ಕಳಿಸಿದಳು. ಹೊರಗಿನವರಿಗೆಂದು ಅವಳು ಆಮೇಲೆ ಹೊಲಿದದ್ದು ನನಗೆ ನೆನಪಿರುವಂತೆ ಅದೊಂದೇ.

ನಾನು ಬಯಸಿದ್ದೆಲ್ಲ ಆಯಿತು. ಹೆಂಗಸರು ಮೊದಲು ಹಿತ್ತಿಲಿಗೆ ಹೋಗಿ ಅಳತೆ ಕೊಟ್ಟು, ಬಟ್ಟೆಯನ್ನು ನನ್ನ ಅಂಗಡಿಗೆ ಕಳಿಸತೊಡಗಿದರು. ಅವಳ ದಾರ ಹಿಡಿದು ನಾನು ಕತ್ತರಿಸಿದ ರವಿಕೆಗಳು ಅಂಟಿದಂತೆ ಕೂತವು. ತೋಳಿನ ಒಳಗೆ ಬೇರೆ ಬಣ್ಣದ ಪಟ್ಟಿ ಇರಲಿ ಎಂದು ಶೃಂಗೇರಿಯ ಕಡೆಯಿಂದಲೂ ಕೇಳಿ ಬಂದರು. ರವಿಕೆ ಅಂದರೆ ಇವನ ಕೈಯೇ ಕೈ ಎಂಬ ಹೆಸರಾಯಿತು. ಆ ಹೆಸರನ್ನು ನಾನು ಬೇಡ ಅನ್ನಲಿಲ್ಲ. ಹೊಟ್ಟೆಯುರಿ ಹೋಯಿತೇ ಎಂದರೆ ಅದೂ ಇಲ್ಲ. ಮಧ್ಯಾಹ್ನದ ಹೊತ್ತು ಅವಳು ಮಕ್ಕಳ ಲಂಗಕ್ಕೆ ಅಂಚು ಕಟ್ಟುತ್ತ, ಜಡೆಗೆ ಗುಲಾಬಿ ಸುತ್ತುತ್ತ ತನ್ನಷ್ಟಕ್ಕೆ ಗುನುಗುವಾಗ ನಾನು ಅದಕ್ಕೂ ಉರಿಯುತ್ತಿದ್ದೆ. ಮಿಷನ್ನಿನ ಮುಂದೆ ನನಗೆ ಒಂದು ದಿನವೂ ಹಾಡು ಬಂದಿರಲಿಲ್ಲ.

ಎರಡನೆಯ ಮಹಾಯುದ್ಧ ನಡೆದು ಬಟ್ಟೆಗೆ ಬರ ಬಂದ ಕಾಲದಲ್ಲಿ ಅವಳ ತಂಗಿಯ ಕುಬುಸ ಬಂತು, ನರಸಿಂಹರಾಜಪುರದಲ್ಲಿ. ಎಲ್ಲೆಲ್ಲೋ ಹುಡುಕಿ ಒಂದು ಹಸಿರು ಖಣ ತಂದಿದ್ದರು. ತಪ್ಪಿದರೆ ಇನ್ನೊಂದು ಸಿಗುವಂತಿರಲಿಲ್ಲ. ತವರಿನಲ್ಲಿ ಎಲ್ಲರೂ ಅವಳೇ ಹೊಲಿಯಲಿ ಅಂದರು.

"ಇವ್ರು ಹೊಲೀತಾರೆ" ಎಂದಳು.

ತಂಗಿಯ ಅಳತೆ ತೆಗೆದು, ಗಂಟು ಹಾಕಿ, ಅರಿಸಿನದ ಬಟ್ಟಲನ್ನು ಅಂಗಳಕ್ಕೆ ನಾನು ಕೂತಲ್ಲಿಗೇ ತಂದಳು. ನನ್ನ ಎದುರಿಗೇ ದಾರ ಅದ್ದಿ, ಹಿಂಡಿ, ಒದ್ದೆಯಾಗಿದ್ದಂತೆಯೇ ನನ್ನ ಅಂಗೈಯಲ್ಲಿ ಇಟ್ಟಳು.

"ಗಂಟು ನಂದು. ಒಣಗೋ ತನಕ ನಿಮ್ಮ ಕೈಲೇ ಇರ್ಲಿ."

ಕೋಪ ಆ ಮಾತಿನಲ್ಲಿ ಇರಲಿಲ್ಲ. ನಾನು ಬಿಸಿಲಿನಲ್ಲಿ ಕೈ ಚಾಚಿ ಕೂತೆ. ಮಕ್ಕಳು ನೋಡಿ, "ಅಪ್ಪ ಭಿಕ್ಷೆ ಬೇಡ್ತಿದಾರೆ" ಎಂದು ನಕ್ಕವು. ಅವಳು ಅಲ್ಲೇ ಮೆಟ್ಟಿಲ ಮೇಲೆ ಅಕ್ಕಿ ಆರಿಸುತ್ತಿದ್ದಳು. ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ನನಗೆ ಮತ್ತೆ ಸಿಗಲಿಲ್ಲ.

"ಅವತ್ತು ಭಂಡಿಗಡಿಲಿ..." ಎಂದು ಶುರುಮಾಡಿದೆ.

ಅವಳು ಆರಿಸುವ ಕೈ ನಿಲ್ಲಿಸಿ ಕಾದಳು. ಬಹಳ ಹೊತ್ತು ಕಾದಳು. ನಾನು ಅಂಗೈಯಲ್ಲಿದ್ದ ದಾರವನ್ನೇ ನೋಡುತ್ತ ಕೂತೆ.

"ಒಣಗ್ತಾ?" ಎಂದು ಕೇಳಿದಳು ಕೊನೆಗೆ.

"ಇನ್ನೂ ಇಲ್ಲ" ಎಂದೆ.

ರವಿಕೆ ಸರಿಯಾಗಿ ಕೂತಿತು. "ನಿಮ್ಮ ಯಜಮಾನ್ರ ಕೈಯೇ ಕೈ ಕಣೇ" ಎಂದು ಹೆಂಗಸರು ಅವಳಿಗೇ ಹೇಳಿದರು. ಅವಳು "ಹೌದು" ಎಂದು ತಂಗಿಯ ಸೆರಗು ಸರಿಮಾಡಿದಳು. ಬಾಗಿಲಲ್ಲಿ ನಿಂತಿದ್ದ ನಾನು ಹಳದಿಯಾದ ಅಂಗೈಯನ್ನು ಪಂಚೆಯ ಮರೆಗೆ ಎಳೆದುಕೊಂಡೆ. ಅಳತೆ ಅವಳದು ಎಂದು ಅಲ್ಲಿಯೂ ಹೇಳಲಿಲ್ಲ, ಅವಳು ಬದುಕಿದ್ದಷ್ಟು ಕಾಲ ಎಲ್ಲಿಯೂ ಹೇಳಲಿಲ್ಲ.

ಭಂಡಿಗಡಿಯ ಆ ರವಿಕೆಯ ಅಳತೆಯಲ್ಲಿ ನನ್ನ ಹೆಂಡತಿ ತಪ್ಪಿರಲಿಲ್ಲ. ಮೂರನೆಯ ಗಂಟು ನಾನು ಹಾಕಿದ್ದು.