ಕೊಂಡಿ ಇಲ್ಲದ ಚೇಳು

ಹೋದ ವರ್ಷದ ಬೇಸಿಗೆ. ಇಂಡಿಯಲ್ಲಿ ನಮ್ಮ ಮನೆಯ ಮಹಡಿ ಕೋಣೆಯೇ ನನ್ನ ಆಫೀಸು. ಒಡತಿಯೂ ನಾನೇ, ಕೆಲಸದವಳೂ ನಾನೇ. ಅದಕ್ಕೆ ಮೊದಲು ಸಿಂದಗಿ, ಬಸವನ ಬಾಗೇವಾಡಿಯ ಮದುವೆಮನೆಗಳಲ್ಲಿ ಮೆಹಂದಿ ಹಾಕುತ್ತಿದ್ದೆ. ಮೊಬೈಲಿನಲ್ಲಿ ನೋಡಿ ನೋಡಿ ಈ ಹೊಸ ಕಸುಬು ಕಲಿತೆ. ಕಂಪ್ಯೂಟರಿನೊಳಗಿನ ವರ್ಚುವಲ್ ಲೋಕಗಳಲ್ಲಿ ಜನ ಒಂದೊಂದು ದೇಹ ತೊಟ್ಟು ತಿರುಗುತ್ತಾರೆ. ಅದಕ್ಕೆ ಅವತಾರ್ ಎನ್ನುತ್ತಾರೆ. ಮೊದಲಿಗೆ ಅದು ಬರಿಯ ಮಣ್ಣಿನ ಗೊಂಬೆಯಂತಿರುತ್ತದೆ. ದಿಂಬಿಗೆ ಗವಸು ಹಾಕಿದ ಹಾಗೆ ಅದಕ್ಕೆ ಸುತ್ತುವ ಚರ್ಮದ ಚಿತ್ರವೇ ಸ್ಕಿನ್ ಟೆಕ್ಸ್ಚರ್. ಅದರ ಮೇಲೆ ಹೊದಿಸುವ ಪಾರದರ್ಶಕ ಹಾಳೆ ಟ್ಯಾಟೂ ಲೇಯರ್. ಎರಡನ್ನೂ ಮಾಡಿ ಆನ್‌ಲೈನ್ ಮಾರುಕಟ್ಟೆಯಲ್ಲಿ ನನ್ನ ಅಂಗಡಿಯಿಂದ ಮಾರುತ್ತೇನೆ.

ನನ್ನಲ್ಲಿ ಹೆಚ್ಚು ಓಡುತ್ತಿದ್ದ ಮಾಲು ಒಂದು ಹಸಿರು ಹಚ್ಚೆ. ತಾಂಬಾದ ಗಂಗವ್ವ ಎಂಬ ಎಂಬತ್ತು ದಾಟಿದ ಅಜ್ಜಿಯ, ನಮ್ಮ ಕಡೆಯ ಮಾತಿನಲ್ಲಿ ಆಯಿಯ, ಮುಂಗೈಯಿಂದ ತೆಗೆದದ್ದು. ಸೀತೆಯ ಸೆರಗು, ತುಳಸಿಕಟ್ಟೆ, ಕೆಳಗೊಂದು ಚೇಳು. ಫೋಟೋಕ್ಕೆ ಆಕೆ ಎರಡು ಇಳಕಲ್ ಸೀರೆ ಕೇಳಿದ್ದಳು, ಒಂದಕ್ಕೆ ಇಳಿಸಿದೆ. ಚೇಳಿಗೆ ಕೊಂಡಿ ಇರಲಿಲ್ಲ. ಯಾಕೆ ಎಂದು ಕೇಳಿದಾಗ ಆಯಿ, “ಅಳ್ಕೋತ ಕೈ ಜಗ್ಗಿದೆ ನೋಡ ತಂಗಿ, ಕೊಂಡಿ ಬರಿಯೂದು ಹಂಗ ಉಳೀತು” ಎಂದಳು. ಆ ಕಥೆಯನ್ನೂ ಅಂಗಡಿಯಲ್ಲಿ ಬರೆದೆ. ಮಾಲಿನ ಜೊತೆ ಕಥೆಯಿದ್ದರೆ ಬೆಲೆ ತಾನೇ ಏರುತ್ತದೆ, ಇದನ್ನು ಹೊಸಬರು ಬರೆದಿಟ್ಟುಕೊಳ್ಳಲಿ.

ವಿದೇಶದ ಗೇಮ್ ಕಂಪನಿಯೊಂದು ಆ ಹಚ್ಚೆಯನ್ನು ಎಕ್ಸ್‌ಕ್ಲೂಸಿವ್ ಆಗಿ ಕೇಳಿತು. ಅಂದರೆ ಅವರ ಬಳಿ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಅದು ಇರಬಾರದು. ಅಷ್ಟು ದೊಡ್ಡ ಗಿರಾಕಿ ನನಗೆ ಅದೇ ಮೊದಲು. ಮೂರು ಸಲ ಬೆಲೆ ಏರಿಸಿದೆ, ಮೂರು ಸಲವೂ ಒಪ್ಪಿದರು. ಸಹಿ ಹಾಕುವ ವಾರ ಅವರಿಂದ ಒಂದು ಲಿಂಕ್ ಬಂತು: ಇದು ಯಾರದು?

ತೆರೆದು ನೋಡಿದೆ. ಬೇರೆ ಅಂಗಡಿ, ನನ್ನದೇ ಹಚ್ಚೆ. ಸೆರಗು, ತುಳಸಿ, ಚೇಳು. ಆ ಚೇಳಿಗೂ ಕೊಂಡಿ ಇರಲಿಲ್ಲ! ನಮ್ಮ ಕಸುಬಿನಲ್ಲಿ ನಕಲು ಸಿಕ್ಕಿಬೀಳುವುದೇ ತಪ್ಪಿನಲ್ಲಿ. ಚಂದವನ್ನು ಯಾರಾದರೂ ಮಾಡಿಯಾರು, ಅದೇ ತಪ್ಪನ್ನು ಮಾಡುವವನು ಕಳ್ಳನೇ. ಕೂಡಲೇ ದೂರು ಕೊಟ್ಟೆ. ಮಾರುಕಟ್ಟೆಯವರು ಆ ಅಂಗಡಿಯನ್ನು ಮುಚ್ಚಿ, ಮೂಲ ಕೈಯ ವಿಡಿಯೋ ಕಳಿಸುವಂತೆ ನನಗೆ ಹೇಳಿದರು.

ಅಂಗಡಿಯವನು ಶಿವಾನಂದ, ಮುದ್ದೇಬಿಹಾಳದ ಹುಡುಗ. ಮೆಸೇಜ್ ಮಾಡಿ ತನ್ನ ನಂಬರನ್ನೂ ಕೊಟ್ಟ: “ಮೇಡಂ, ಅದು ನಮ್ಮ ಆಯಿ ಕೈ ಮ್ಯಾಲಿನ ಹಚ್ಚಿರಿ.” ನಾನು ನಕ್ಕೆ. ಕಳ್ಳರಿಗೂ ಒಬ್ಬೊಬ್ಬಳು ಆಯಿ ಇರುತ್ತಾಳೆ ಎಂದುಕೊಂಡೆ.

ಮರುದಿನ ಬಸ್ಸು ಹತ್ತಿ ತಾಂಬಾಕ್ಕೆ ಹೋದೆ. ಗಂಗವ್ವ ಓಣಿಯ ಕಟ್ಟೆಯ ಮೇಲೆ ಗೆಳತಿಯರೊಂದಿಗೆ ಕುಳಿತಿದ್ದಳು. ಮೊಬೈಲ್ ಹಿಡಿದು, “ಆಯಿ, ಕೈ ಬಿಸಲಿಗೆ ಹಿಡೀರಿ” ಎಂದೆ.

ಪಕ್ಕದಲ್ಲಿದ್ದ ನೀಲವ್ವ, “ಅದರಾಗೇನ್ ಬಂಗಾರ ಐತೇನವಾ? ನಂದೂ ಹಿಡಕೋ” ಎಂದು ಬಳೆ ಮೇಲಕ್ಕೆ ಸರಿಸಿದಳು.

ಸೀತೆಯ ಸೆರಗು. ತುಳಸಿಕಟ್ಟೆ. ಕೊಂಡಿ ಇಲ್ಲದ ಚೇಳು.

ಅವಳಾಚೆ ಕುಳಿತವಳು ಕೈ ಚಾಚಿದಳು, ಅದರಾಚೆಯವಳೂ ಚಾಚಿದಳು. ಕಟ್ಟೆಯುದ್ದಕ್ಕೂ ಅದೇ ಚೇಳು.

“ಎಲ್ಲಾರೂ ಅತ್ತು ಕೈ ಜಗ್ಗಿದ್ರೇನ್ರಿ?” ಎಂದೆ ಕಡೆಗೆ.

“ಯಾಕ ಜಗ್ಗೂಣವಾ?” ಎಂದಳು ನೀಲವ್ವ. “ಹಚ್ಚಿ ಹಾಕಾಕಿ ಒಬ್ಬಾಕಿನ ಬಂದಿದ್ಲು. ಈ ಓಣಿ ಹುಡುಗ್ಯಾರಿಗೆಲ್ಲ ಒಂದ ದಿನ ಹಾಕಿ ಹೋದ್ಲು. ಕೊಂಡಿ ಬರದ್ರ ಚೇಳಿಗೆ ಜೀವ ಬಂದು ಕಡೀತೈತಿ ಅಂತ ಯಾರಿಗೂ ಬರೀಲಿಲ್ಲ. ಗಂಗಿ ಅತ್ತದ್ದು ಮಾತ್ರ ಖರೆ, ಸೂಜಿ ತಗಿಯೂಕಿಂತ ಮೊದಲ!”

“ಹೋಗ ನಿನ್ನ!” ಗಂಗವ್ವ ತಿರುಗಿ ಬಿದ್ದಳು. “ಸೀರಿ ಕೊಡಾಕಿಗೆ ಒಂದ್ ಕಥಿನರ ಹೇಳೂದು ಬ್ಯಾಡೇನ?”

ಕಟ್ಟೆ ನಕ್ಕಿತು. ನನಗೆ ಮಾತ್ರ ಶಿವಾನಂದನ ಮೆಸೇಜ್ ನೆನಪಾಯಿತು. “ನಿಮ್ಮೊಳಗ ಯಾರನ್ನರ ಮುದ್ದೇಬಿಹಾಳ ಕಡೆ ಕೊಟ್ಟಾರೇನ್ರಿ?”

“ಗೌರೀನ ಕೊಟ್ಟಾರಲ್ಲ!” ಎಂದಳು ನೀಲವ್ವ.

ಅಲ್ಲಿಂದಲೇ ಶಿವಾನಂದನಿಗೆ ವಿಡಿಯೋ ಕಾಲ್ ಮಾಡಿದೆ. ಅವನ ಪಕ್ಕದಲ್ಲೇ ಅವನ ಆಯಿ ಕುಳಿತಿದ್ದಳು. ಅವನು ಬೈಯಲಿಲ್ಲ. “ಅಂಗಡಿ ಹೋದ್ರ ಇನ್ನೊಂದ್ ತಗೀತೇನ್ರಿ ಮೇಡಂ. ನಮ್ಮ ಆಯಿ ಮಂದಿ ಬಂದ್ರ ಕೈ ಸೆರಗಿನಾಗ ಮುಚ್ಕೊಂಡ ಕುಂದರ್ತಾಳ್ರಿ. ಇದು ಕಳುವಿನ ಕೈಯೇನಪಾ ಅಂತ ನನ್ನ ಕೇಳ್ತಾಳ್ರಿ.”

ಚೌಕಾಸಿಯಲ್ಲಿ ಯಾರಿಗೂ ಸೋತವಳಲ್ಲ ನಾನು. ಆ ಮಾತಿಗೆ ಸೋತೆ. ಗಂಗವ್ವ ಮೊಬೈಲ್ ಕಸಿದುಕೊಂಡಳು.

“ಏ ಗೌರಿ, ನಾ ಗಂಗಿ! ಸೆರಗ ತಗಿ, ಕೈ ತೋರ್ಸ!”

ಪರದೆಯಲ್ಲಿ ಬಹಳ ಹೊತ್ತು ಬರೀ ಸೆರಗು. ಆಮೇಲೆ ಅದರೊಳಗಿಂದ ಒಂದು ಒಣಗಿದ ಕೈ ಮೆಲ್ಲಗೆ ಹೊರಬಂತು. ಇತ್ತ ಕಟ್ಟೆಯವರೆಲ್ಲ ಕೈ ಎತ್ತಿ ಹಿಡಿದರು.

“ನಿನ್ನ ಚೇಳು ಇನ್ನೂ ಕಡದಿಲ್ಲಲಾ?” ಎಂದು ಕೂಗಿದಳು ನೀಲವ್ವ.

“ಕಡದಿದ್ದಿಲ್ಲ” ಎಂದಳು ಗೌರವ್ವ. “ಈಗ ಕಡೀತು ನೋಡ. ಇಂಡಿಯಿಂದ ಬಂದು ಕಡೀತು.”

ಕಟ್ಟೆ ಪೂರ್ತಿ ನನ್ನ ಕಡೆ ತಿರುಗಿತು. ಮೊಬೈಲ್ ತೆಗೆದುಕೊಂಡು, “ನಂದ ತಪ್ಪಾತ್ರಿ ಆಯಿ, ನಿಮ್ಮ ಕೈ ನಿಮ್ದ ಐತ್ರಿ” ಎಂದೆ. ಆಕೆ ಕೈಯನ್ನು ಮತ್ತೆ ಮುಚ್ಚಿಕೊಳ್ಳಲಿಲ್ಲ.

ಮಾರುಕಟ್ಟೆಯವರಿಗೆ ಕಟ್ಟೆಯ ಕೈಗಳೆಲ್ಲದರ ವಿಡಿಯೋ ಕಳಿಸಿದೆ, ನನ್ನ ಪರವಾಗಿ ಅಲ್ಲ, ಶಿವಾನಂದನ ಪರವಾಗಿ. ದೂರು ವಾಪಸ್ ಪಡೆದೆ. ಅವನ ಅಂಗಡಿ ತೆರೆಯಿತು. ಕಂಪನಿಗೆ, ಇದು ಒಂದು ಓಣಿಯ ಹಚ್ಚೆ, ಒಬ್ಬರಿಗೇ ಬರೆದುಕೊಡಲು ಬರುವುದಿಲ್ಲ ಎಂದು ತಿಳಿಸಿದೆ. ಎಲ್ಲರಲ್ಲೂ ಇರುವುದು ತಮಗೆ ಬೇಡ ಎಂದರು. ಬೆಲೆ ಅರ್ಧಕ್ಕೆ ಇಳಿಸಿಯೂ ನೋಡಿದೆ. ಉತ್ತರವೇ ಬರಲಿಲ್ಲ.

ಈ ಕಸುಬಿಗೆ ಬರುವವರು ನನ್ನಿಂದ ಒಂದನ್ನು ಪುಕ್ಕಟೆ ಪಡೆಯಿರಿ. ಹಚ್ಚೆ ಯಾರ ಕೈ ಮೇಲಿದೆ ಎಂದು ತಿಳಿದರೆ ಸಾಲದು, ಎಷ್ಟು ಕೈಗಳ ಮೇಲಿದೆ ಎಂದು ಕೇಳಬೇಕು. ಕಳ್ಳ ಎಂಬ ಮಾತನ್ನು ಒಂದು ಬೆರಳಿನಿಂದ ಒತ್ತಿ ಕಳಿಸಬಹುದು. ಅದು ಹೋಗಿ ಯಾರ ಮನೆಯಲ್ಲಿ ಇಳಿಯುತ್ತದೆ ಎಂಬುದನ್ನು ಪರದೆ ತೋರಿಸುವುದಿಲ್ಲ. ನಾನು ದೂರು ಕೊಟ್ಟ ಮೇಲೆ ಬಸ್ಸು ಹತ್ತಿದೆ. ನೀವು ಮೊದಲೇ ಹತ್ತಿ.