ಪುಟಕ್ಕೆ ಬಾರದ ಮನೆಗಳು

ಆಗ ನಾನು ಇಂದಿರಾನಗರದ ಒಂದು ಸಣ್ಣ ಆಫೀಸಿನಲ್ಲಿ ಎಕ್ಸ್‌ಎಂಎಲ್ ಕಡತಗಳನ್ನು ವೆಬ್ ಪುಟ ಮಾಡುವ ಕೆಲಸದಲ್ಲಿದ್ದೆ. ಕಡತದಲ್ಲಿ ಬರೀ ವಿವರ ಇರುತ್ತದೆ, ಅಂದಚಂದ ಇರುವುದಿಲ್ಲ. ಯಾವುದು ದಪ್ಪಕ್ಷರ, ಯಾವುದು ಯಾವ ಸಾಲಿಗೆ ಎಂಬ ನಿಯಮಗಳನ್ನು ಸ್ಟೈಲ್‌ಶೀಟಿನಲ್ಲಿ ಬರೆದರೆ ಪುಟ ಸಿದ್ಧ. ಮರ್ಫಿ ಟೌನಿನ ನನ್ನ ಕೋಣೆಯಲ್ಲಿ ಮಾತಾಡಲು ಯಾರೂ ಇರಲಿಲ್ಲವಾದ್ದರಿಂದ ಭಾನುವಾರವೂ ಆಫೀಸಿಗೆ ಹೋಗುತ್ತಿದ್ದೆ. ಜನ ಅದನ್ನು ಶ್ರದ್ಧೆ ಅಂದುಕೊಂಡಿದ್ದರು.

ರಾಯಚೂರು, ಗುಲ್ಬರ್ಗದ ಕಡೆಯಿಂದ ಬಂದು ಇಲ್ಲಿ ಬಾಡಿಗೆಗಿದ್ದ ನಮ್ಮವರದೊಂದು ಸಂಘವಿತ್ತು. ಅದರ ಸದಸ್ಯರ ಪಟ್ಟಿಯನ್ನು ಪುಕ್ಕಟೆಯಾಗಿ ಪುಟ ಮಾಡಿಕೊಟ್ಟವನು ನಾನೇ. ಎಳ್ಳಮಾವಾಸ್ಯೆಗೆ ಊರಲ್ಲಾದರೆ ಹೊಲಕ್ಕೆ ಹೋಗಿ ಉಣ್ಣುತ್ತಾರೆ. ಇಲ್ಲಿ ಹೊಲ ಎಲ್ಲಿಂದ ಬರಬೇಕು? ಹಲಸೂರು ಕೆರೆಯ ಪಕ್ಕ ಕೂತು ಬುತ್ತಿ ಬಿಚ್ಚುತ್ತಿದ್ದೆವು. ಆ ವರ್ಷ ಕಾರ್ಯದರ್ಶಿ ನನ್ನ ಪುಟ ನೋಡಿಕೊಂಡೇ ಎಲ್ಲರಿಗೂ ಕರೆ ಕಳಿಸಿದರು.

ನನಗೆ ಬರಲಿಲ್ಲ. ಒಂಟಿ ಜೀವವನ್ನು ಯಾರು ಕರೀತಾರೆ ಅಂತ ಸುಮ್ಮನಾದೆ. ಸಂಕಟವಾಯಿತು, ಸುಳ್ಳೇಕೆ ಹೇಳಲಿ. ಹೋಗಿ ಕೇಳಲು ಸೊಕ್ಕು ಬಿಡಲಿಲ್ಲ.

ಅಮಾವಾಸ್ಯೆಗೆ ಎರಡು ದಿನ ಇರುವಾಗ, ಹಲಸೂರಿನಲ್ಲಿ ಜೋಳದ ರೊಟ್ಟಿ ಬಡಿದು ಮಾರುವ ನಮ್ಮ ಕಡೆಯ ಮುದುಕಿ, ಪಟ್ಟಿ ಮಾಡಿದವನು ನಾನೆಂದು ಕೇಳಿಕೊಂಡು ಆಫೀಸಿಗೇ ಬಂದಳು. ಗಂಡ ಮಕ್ಕಳು ಯಾರೂ ಇಲ್ಲದವಳು.

"ಹೋದ ವರ್ಷ ಕಾಳು-ಸೊಪ್ಪಿನ ಭಜ್ಜಿ ಮಾಡಿದಾಕಿ ನಾನು. ಈ ಸಲ ಕರದೇ ಇಲ್ಲ. ಕೇಳಿದ್ರ ಆ ಕಾರ್ಯದರ್ಶಿ ಪಟ್ಟಿಯೊಳಗ ನಿನ್ನ ಹೆಸರಿಲ್ಲ ಅಂತಾನ. ನಾ ಏನು ಸತ್ತೀನೇನ್ರೀ?"

ತಪ್ಪು ಸಂಘದವರದೇ ಅಂತ ತೋರಿಸಲು ಅವರು ಕೊಟ್ಟಿದ್ದ ಕಡತ ತೆರೆದೆ. ಆಕೆಯ ಹೆಸರು ಅಲ್ಲಿತ್ತು. ಪುಟದಲ್ಲಿ ಇರಲಿಲ್ಲ. ಪ್ರತಿ ಮನೆಯ ಕೆಳಗೆ ಗಂಡ, ಹೆಂಡತಿ, ಮಕ್ಕಳ ವಿವರವಿರುವ 'ಕುಟುಂಬ' ಎಂಬ ಭಾಗವನ್ನು ಹಿಡಿದು ಒಂದು ಸಾಲು ಬರೆ ಅಂತ ನಾನು ನಿಯಮ ಮಾಡಿದ್ದೆ. ಒಬ್ಬರೇ ಇರುವ ಮನೆಗೆ ಆ ಭಾಗವೇ ಇಲ್ಲ, ಹಾಗಾಗಿ ಸಾಲೂ ಇಲ್ಲ. ಕಂಪ್ಯೂಟರ್ ಚಕಾರ ಎತ್ತಿರಲಿಲ್ಲ. ಮನೆ ಅಂದರೆ ಕುಟುಂಬ ಅಂತ ಬರೆದವನು, ಮನೆಯಲ್ಲಿ ಒಬ್ಬನೇ ಉಣ್ಣುವ ನಾನು!

ನಾಚಿಕೆಯಿಂದ ನಿಯಮ ತಿದ್ದಿದೆ. ಪುಟದಲ್ಲಿ ಹೊಸ ಸಾಲುಗಳು ಮೂಡಿದವು. ಮುದುಕಿ ಪರದೆಗೆ ಬೆರಳು ಹಚ್ಚಿ, ಅಕ್ಷರ ಕೂಡಿಸಿ ಓದುತ್ತಾ ತನ್ನ ಹೆಸರು ಹುಡುಕಿಕೊಂಡಳು. ಬೆರಳು ಇನ್ನೂ ಕೆಳಗೆ ಇಳಿದು ನಿಂತಿತು.

"ಇದು ನಿಮ್ಮ ಹೆಸರಲ್ಲೇನ್ರೀ? ನಿಮ್ಮನ್ನೂ ಕರದಿದ್ದಿಲ್ಲೇನು?"

ಎಷ್ಟೋ ಭಾನುವಾರ ಕೂತು ತಿದ್ದಿದ ಪುಟ ಅದು. ಅದರಲ್ಲಿ ನನ್ನ ಹೆಸರನ್ನು ನಾನು ಒಂದು ದಿನವೂ ಹುಡುಕಿರಲಿಲ್ಲ.