ಹೊನ್ನುಗ್ಗಿಯ ಮರುದಿನ ಬಂದ ದನದ ಡಾಕ್ಟರು

ಕಾರಹುಣ್ಣಿಮೆಯ ಬೆಳಿಗ್ಗೆ ನಮ್ಮ ಕೊಟ್ಟಿಗೆಯಲ್ಲಿ ಇದ್ದವರು ನಾಲ್ಕೇ ಜನ: ಮಾವ, ಅತ್ತೆ, ನನ್ನ ಗಂಡ ಮತ್ತು ನಾನು. ನಮ್ಮ ನಡುವೆ ಬಿಳಿ ಎತ್ತು ಗೋದಲಿಗೆ ಬೆನ್ನು ಕೊಟ್ಟು, ತಲೆ ಇಳಿಬಿಟ್ಟು ನಿಂತಿತ್ತು. ಹೊಟ್ಟೆಯ ಎಡಭಾಗ ಬಿಗಿದ ಹಲಗೆಯಂತಾಗಿತ್ತು. ಆಗಾಗ ಹಲ್ಲು ಕಡಿಯುತ್ತಿತ್ತು. ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಸಂಜೆ ಅಗಸಿಬಾಗಿಲಿಗೆ ಕಟ್ಟಿದ ಕರಿಯ ತೋರಣ ಹರಿಯುವಾಗ ಊರ ಎತ್ತುಗಳ ಜೊತೆ ಓಡಿಸಬೇಕಾದ ದಿನ ಅದು.

ನಾನು ಆ ಮನೆಗೆ ಸೊಸೆಯಾಗಿ ಬಂದು ತಿಂಗಳೂ ಆಗಿರಲಿಲ್ಲ. ಶಲವಡಿಯಿಂದ ಎರಡು ಹರದಾರಿ ದೂರದ ಊರು, ಎರೆ ಹೊಲ, ಒಂದೇ ಜೋಡಿ ಎತ್ತು. ಮುಂಗಾರಿ ಬಿತ್ತನೆ ಹತ್ತಿರ ಬಂದಿತ್ತು. ಎತ್ತಿಗೆ ಏನಾದರೂ ಆದರೆ ಹೊಲದ ಗತಿ ಏನೆಂದು ಮಾವ ಯೋಚಿಸುತ್ತಿದ್ದರು. ನನಗಿದ್ದ ಹೆದರಿಕೆ ಬೇರೆ. ಅದನ್ನು ಬಾಜು ಮನೆಯ ಮುದುಕಿ ಗೋಡೆಯ ಮೇಲಿಂದ ಇಣುಕಿ ಬಾಯಿಬಿಟ್ಟು ಹೇಳಿಯೇಬಿಟ್ಟಳು.

"ಇಷ್ಟು ವರ್ಷ ಗುಂಡಕಲ್ಲಿನಂಗ ಇತ್ತಲ್ಲಬೇ ನಿಮ್ಮ ಎತ್ತು. ಹೊಸ ಸೊಸಿ ಕಾಲಿಟ್ಟು ಇನ್ನೂ ಅರಿಷಿಣ ಆರಿಲ್ಲ."

ಅತ್ತೆ ನನ್ನ ಕಡೆ ನೋಡಲಿಲ್ಲ. ನೋಡಲಿಲ್ಲ ಎನ್ನುವುದೇ ನನಗೆ ಸಾಕಾಯಿತು. ಎತ್ತು ಸತ್ತರೆ ಈ ಮನೆಯಲ್ಲಿ ನಾನು ಮುದುಕಿಯಾಗುವ ತನಕ ಎತ್ತನ್ನು ತಿಂದುಕೊಂಡ ಸೊಸೆಯೇ.

ಹಿಂದಿನ ದಿನ ಹೊನ್ನುಗ್ಗಿ. ನಮ್ಮ ಕಡೆ ಕಾರಹುಣ್ಣಿಮೆಯ ಮುನ್ನಾ ದಿನ ಜೋಳದ ನುಚ್ಚಿಗೆ ಬೆಲ್ಲ ಹಾಕಿ ಹುಗ್ಗಿ ಕುದಿಸಿ ಎತ್ತುಗಳಿಗೆ ತಿನ್ನಿಸುತ್ತಾರೆ. ವರ್ಷವಿಡೀ ದುಡಿಯುವ ಜೀವಕ್ಕೆ ಅಂದು ಮೊದಲ ಊಟ, ಮನುಷ್ಯರದು ಆಮೇಲೆ. ಅತ್ತೆ ಪೂಜೆ ಮಾಡಿ ತಮ್ಮ ಕೈಯಾರೆ ತಿನ್ನಿಸಿದ್ದನ್ನು ಎಲ್ಲರೂ ನೋಡಿದ್ದೆವು. ಯಾರೂ ನೋಡದ್ದು ಇನ್ನೊಂದಿತ್ತು. ಕತ್ತಲಾಗುವ ಮುಂಚೆ ನಾನು ಒಂದು ದೊಡ್ಡ ಬೋಗುಣಿ ಹುಗ್ಗಿ ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಬಿಳಿ ಎತ್ತಿಗೆ ಹಾಕಿ ಬಂದಿದ್ದೆ. ನಾನು ಬಂದಾಗಿನಿಂದ ಅದು ನನ್ನನ್ನು ಕಂಡರೆ ಬುಸುಗುಟ್ಟುತ್ತಿತ್ತು. ತವರಿನಲ್ಲಿ ನಮ್ಮ ಅಜ್ಜಿ ಹೇಳಿ ಕಳಿಸಿದ್ದಳು: "ಮೊದಲ ಎತ್ತಿನ ಕೂಡ ಗೆಳೆತನ ಮಾಡು, ಅತ್ತಿ ಹಿಂದಿಂದ ತಾನ ಬರತಾಳ."

"ಲೇ, ಖರೇ ಹೇಳು," ಎಂದು ಮಾವ ನನ್ನ ಗಂಡನ ಮೇಲೆ ಹರಿಹಾಯ್ದರು. "ಕರಿಯಾಗ ಗೆಲ್ಲಬೇಕಂತ ಏನ ತಿನಿಸಿದಿ ಇದಕ್ಕ?"

"ಏನೂ ಇಲ್ಲಪಾ. ಬಸವಣ್ಣನ ಆಣಿ."

"ನೀ ಆಣಿ ಮಾಡಿದಿ ಅಂದ್ರ ಹಾಕಿದಿ ಅಂತನ ಅರ್ಥ!"

ನನ್ನ ಗಂಡ ಡಾಕ್ಟರನ್ನು ಕರೆತರಲು ಸೈಕಲ್ ಹತ್ತಿ ಅಣ್ಣಿಗೇರಿಗೆ ಹೊರಟ. ತಪ್ಪು ಮಾಡದವನು ಬೈಸಿಕೊಂಡು ಹೋದ. ಮಾಡಿದವಳು ಕಂಬ ಹಿಡಿದು ನಿಂತಿದ್ದೆ.

ಹಬ್ಬವೆಂದು ದನದ ದವಾಖಾನೆಗೆ ಬೀಗ. ಆದರೆ ಡಾಕ್ಟರು ಮನೆಯಲ್ಲಿದ್ದರಂತೆ. ಎಲೆಯ ಮುಂದೆ ಕುಳಿತವರು ಒಂದು ಹೋಳಿಗೆ ಮಡಚಿ ಬಾಯಿಗೆ ಹಾಕಿಕೊಂಡು ಎದ್ದರಂತೆ. ಮಧ್ಯಾಹ್ನದ ಹೊತ್ತಿಗೆ ಎರಡು ಸೈಕಲ್ಲುಗಳೂ ನಮ್ಮ ಅಂಗಳದಲ್ಲಿದ್ದವು. ಸಣ್ಣ ಮೈಕಟ್ಟಿನ, ಹಣೆ ಬೋಳಾದ ಮನುಷ್ಯ. ಚೀಲವನ್ನು ಹಳೆಯ ಟ್ಯೂಬಿನಿಂದ ಕ್ಯಾರಿಯರಿಗೆ ಬಿಗಿದಿದ್ದರು. ಸುತ್ತಲಿನ ಹತ್ತು ಹನ್ನೆರಡು ಹಳ್ಳಿಗಳಿಗೆ ಅವರೊಬ್ಬರೇ. ಮಳೆಗಾಲದಲ್ಲಿ ಎರೆಮಣ್ಣು ಗಾಲಿಗೆ ಹತ್ತಿ ಸೈಕಲ್ ನಡೆಯದಾದಾಗ ಅದನ್ನು ಹೆಗಲ ಮೇಲೆ ಹೊತ್ತು ಬರುತ್ತಿದ್ದರು. "ಹೋಗೂವಾಗ ನಾ ಅದರ ಮ್ಯಾಲೆ, ಬರೂವಾಗ ಅದು ನನ್ನ ಮ್ಯಾಲೆ," ಎಂದು ನಗುತ್ತಿದ್ದರು.

ಬಂದವರೇ ಎತ್ತಿನ ಪಕ್ಕೆಗೆ ಕಿವಿ ಇಟ್ಟು ಬಹಳ ಹೊತ್ತು ಕೇಳಿದರು. ಸೆಗಣಿಯನ್ನು ಬೆರಳಲ್ಲಿ ತೆಗೆದು ಮೂಸಿದರು. ಆಮೇಲೆ ಎಲ್ಲರನ್ನೂ ಹೊರಗೆ ಕಳಿಸಿದರು.

ಅದು ಅವರ ರೀತಿ. ಮನೆಯವರನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆದು ಮಾತಾಡಿಸುವರು. ಒಬ್ಬರ ಮಾತು ಇನ್ನೊಬ್ಬರಿಗೆ ಹೋಗುತ್ತಿರಲಿಲ್ಲ. ಯಾಕೆಂದು ಯಾರೋ ಕೇಳಿದ್ದಕ್ಕೆ, "ಮನಶ್ಯಾರ ಡಾಕ್ಟರಗೆ ರೋಗಿ ಸುಳ್ಳು ಹೇಳತಾನ. ನನಗ ರೋಗಿ ಒಂದ ಬಿಟ್ಟು ಉಳದವರೆಲ್ಲಾ ಹೇಳತಾರ," ಎಂದಿದ್ದರಂತೆ.

ಮೊದಲು ಅತ್ತೆ ಹೋಗಿ ಬಂದರು. ಆಮೇಲೆ ಮಾವ, ಹೊರಬರುವಾಗ ತಲೆಯ ಪಟಗದ ತುದಿಯಿಂದ ಮುಖ ಒರೆಸಿಕೊಳ್ಳುತ್ತಿದ್ದರು. ನನ್ನ ಗಂಡನದು ಕ್ಷಣದಲ್ಲಿ ಮುಗಿಯಿತು. ಹೊಸ ಸೊಸೆಯನ್ನು ಏನು ಕೇಳುತ್ತಾರೆ ಎಂದುಕೊಂಡಿದ್ದೆ. ನನ್ನನ್ನೂ ಕರೆದರು.

ಡಾಕ್ಟರು ನನ್ನ ಮುಖ ನೋಡಲಿಲ್ಲ. ಎತ್ತಿನ ಕೊರಳಡಿಯ ಗಂಗೆದೊಗಲು ನೀವುತ್ತ ಕೇಳಿದರು: "ಎಷ್ಟು ಹಾಕಿದಿ ತಂಗಿ?"

ಹಾಕಿದೆಯಾ ಎಂದು ಕೇಳಿದ್ದರೆ ಇಲ್ಲ ಎನ್ನುತ್ತಿದ್ದೆನೋ ಏನೋ. ಎಷ್ಟು ಎಂದಾಗ ನಾಲಿಗೆ ತಾನಾಗಿ ತಿರುಗಿತು.

"ಒಂದು ಬೋಗುಣಿರಿ. ದೊಡ್ಡದು."

"ತುಂಬಾ?"

"ತುಂಬಾ ರೀ." ಅಷ್ಟರಲ್ಲಿ ಅಳು ಬಂತು. "ಅವರಿಗೆ ಹೇಳಬ್ಯಾಡ್ರಿ ಅಣ್ಣಾರ. ನನ್ನ ಕಾಲ್ಗುಣ ಅಂತಾರ."

"ಜ್ವಾಳ ಹೊಟ್ಯಾಗ ಐತಿ. ಯಾರು ಹಾಕಿದ್ರು ಅಂತ ಜ್ವಾಳ ಹೇಳೂದಿಲ್ಲ, ನಾನೂ ಹೇಳೂದಿಲ್ಲ," ಎಂದರು. "ಆದ್ರ ನೀ ಹೇಳಿದ್ದು ಛಲೋ ಆತು. ಬರೇ ವಾಯು ಅಂತ ತಿಳದು ಔಷಧ ಕುಡಿಸಿ ಹೋಗಾಂವ ಇದ್ದೆ. ಸಂಜಿ ತನಕ ಎತ್ತು ಇರತಿರಲಿಲ್ಲ. ಹೋಗು, ಒಂದು ಹಂಡೆ ನೀರು ಕಾಸು."

ಹೊರಗೆ ಬಂದು, ಎತ್ತಿನ ಹೊಟ್ಟೆ ಕೊಯ್ಯಬೇಕು ಎಂದು ಎಲ್ಲರೆದುರು ಹೇಳಿದರು. ಒಳಗಿನ ಹುಗ್ಗಿ ಹುಳಿಯಾಗಿ ವಿಷವಾಗುತ್ತಿದೆ, ಕೈಯಿಂದ ತೆಗೆಯದೆ ಗತಿಯಿಲ್ಲ. ತೆಗೆದರೂ ಬದುಕುತ್ತದೆಂದು ಮಾತು ಕೊಡಲಾರೆ ಎಂದರು.

ಅತ್ತೆ ಅಡ್ಡ ನಿಂತರು. "ಹಬ್ಬದ ದಿವಸ ಬಸವಣ್ಣನ ಮೈಗೆ ಕತ್ತಿ ಹಚ್ಚತೀರೇನ್ರಿ? ಈ ಪಾಪ ಯಾರು ಹೊರಬೇಕು?"

"ಬಸವಣ್ಣ ಅಂತ ತಿಳದ ನೀವು ಹಾಕೀರಿ, ಅವ್ವಾರ. ಬಸವಣ್ಣ ಅಂತ ತಿಳದ ನಾ ತಗೀತೀನಿ. ಪಾಪ ನನಗಿರಲಿ, ದಾರಿ ಬಿಡ್ರಿ."

ಅತ್ತೆ ಸರಿದು ನಿಂತರು.

ಎರಡು ಕಂಬಗಳ ನಡುವೆ ಎತ್ತನ್ನು ನಿಲ್ಲಿಸಿ ಕಟ್ಟಿದರು. ಎಡಪಕ್ಕೆಯ ಕೂದಲನ್ನು ಬ್ಲೇಡಿನಿಂದ ಬೋಳಿಸಿ, ಮರಗಟ್ಟಲು ಸೂಜಿ ಚುಚ್ಚಿ, ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, ತೋಳನ್ನು ಹೆಗಲ ತನಕ ತೊಳೆದುಕೊಂಡರು. ನಾನು ಬಿಸಿನೀರಿನ ಕೊಡ ಹಿಡಿದು ಹತ್ತಿರವೇ ನಿಂತಿದ್ದರಿಂದ ಎಲ್ಲವನ್ನೂ ನೋಡಿದೆ. ಹೆದರಿಕೆಯಾಗಲಿಲ್ಲ. ಅವರ ಕೈ ಅಷ್ಟು ಸಾವಕಾಶವಾಗಿತ್ತು. ಪಕ್ಕೆ ಕೊಯ್ದು, ಆ ಸಂದಿಯಿಂದ ಹಿಡಿ ಹಿಡಿ ಹುಗ್ಗಿ ತೆಗೆದು ಗೋಣಿತಟ್ಟಿನ ಮೇಲೆ ಹಾಕಿದರು. ಹುಳಿ ವಾಸನೆ ಅಂಗಳವನ್ನೆಲ್ಲ ತುಂಬಿತು. ರಾಶಿ ಬೆಳೆಯುತ್ತಲೇ ಹೋಯಿತು. ನನ್ನ ಬೋಗುಣಿಯನ್ನೂ ಅತ್ತೆಯ ಪಾಲನ್ನೂ ಕೂಡಿಸಿದರೂ ಅಷ್ಟಾಗುವ ಹಾಗಿರಲಿಲ್ಲ.

ಅತ್ತೆ ರಾಶಿ ನೋಡಿ ಮೂಗಿನ ಮೇಲೆ ಬೆರಳಿಟ್ಟರು. "ಇಷ್ಟೆಲ್ಲಿಂದ ಬಂತಬೇ ಇದು!"

ಡಾಕ್ಟರು ತೋಳು ಒಳಗಿಟ್ಟುಕೊಂಡೇ ಹೇಳಿದರು: "ಹುಗ್ಗಿ ಒಳಗ ಉಬ್ಬತೈತ್ರಿ ಅವ್ವಾರ. ಒಂದಿದ್ದದ್ದು ಮೂರಾಗತೈತಿ."

ಸುಳ್ಳು ಹೇಳುವವರನ್ನು ಒಬ್ಬೊಬ್ಬರಾಗಿ ಕರೆದು ಖರೆ ಹೊರಡಿಸಿದ ಮನುಷ್ಯ ತಾನೇ ಒಂದು ದೊಡ್ಡ ಸುಳ್ಳನ್ನು ಅಷ್ಟು ಸಲೀಸಾಗಿ ಹೇಳಿದರು. ಮಾವ ಕೂಡಲೇ, "ಹೌದ್ರಿ, ಉಬ್ಬತೈತಿ, ಉಬ್ಬತೈತಿ," ಎಂದು ತಲೆಯಾಡಿಸಿದರು.

ಹೊಲಿಗೆ ಹಾಕಿ ಮುಗಿಸುವಾಗ ಅಗಸಿಯ ಕಡೆಯಿಂದ ಹಲಗೆಯ ಸದ್ದು ಕೇಳುತ್ತಿತ್ತು. ಕರಿ ಹರಿದದ್ದನ್ನು ನಮ್ಮ ಮನೆಯವರು ಯಾರೂ ನೋಡಲು ಹೋಗಲಿಲ್ಲ.

ಮುಂದಿನ ಮೂರು ದಿನವೂ ಡಾಕ್ಟರು ಬಂದರು. ಎತ್ತು ಮೇವು ಮುಟ್ಟಲಿಲ್ಲ. ಮೂರನೆಯ ದಿನ ಬಾಜು ಮನೆಯ ಎತ್ತು ಮೆಲುಕು ಹಾಕುತ್ತಿದ್ದಾಗ ಅದರ ಬಾಯಿಗೆ ಕೈ ಹಾಕಿ ಆ ಮೆಲುಕನ್ನೇ ಕಸಿದುಕೊಂಡು ಬಂದು ಮೆಲುಕು ಮತ್ತೆ ಶುರುವಾಗಲೆಂದು ನಮ್ಮ ಎತ್ತಿನ ಬಾಯಿಗೆ ತುರುಕಿದರು. ಮುದುಕಿ ಗೋಡೆಯ ಆಚೆಯಿಂದ, "ನಮ್ಮ ಎತ್ತಿನ ಬಾಯಾಗಿಂದು ಕಸಗೊಂಡು ಹೋಗತೀರಿ, ಇದೆಂಥಾ ಔಷಧರಿ ನಿಮ್ದು!" ಎಂದು ಕೂಗಿದಳು. "ನಿಮ್ಮ ಎತ್ತಿನ ಎಂಜಲಕ್ಕ ಅಷ್ಟು ಗುಣ ಐತ್ರೀ ಆಯಿ," ಎಂದರು ಡಾಕ್ಟರು. ಅವಳು ಸ್ವಲ್ಪ ಹೆಮ್ಮೆಯಿಂದಲೇ ತನ್ನ ಎತ್ತಿನ ಬೆನ್ನು ಸವರಿದಳು.

ನಾಲ್ಕನೆಯ ದಿನ ಬೆಳಿಗ್ಗೆ ಕಸ ಹೊಡೆಯಲು ಹೋದಾಗ ಬಿಳಿ ಎತ್ತಿನ ದವಡೆ ಅಡ್ಡಡ್ಡ ಆಡುತ್ತಿತ್ತು. ಕಸಬರಿಗೆ ಬಿಟ್ಟು ಓಡಿಹೋಗಿ ಅತ್ತೆಯನ್ನು ಕರೆದೆ. ಇಬ್ಬರೂ ಅದರ ಮುಂದೆ ಕುಕ್ಕರಗಾಲಲ್ಲಿ ಕುಳಿತು ನೋಡಿದೆವು. ಬಿತ್ತನೆ ಹದಿನೈದು ದಿನ ತಡವಾಯಿತು, ಆದರೆ ನಮ್ಮ ಜೋಡಿಯಿಂದಲೇ ಆಯಿತು. ನನ್ನ ಕಾಲ್ಗುಣದ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಆರೇಳು ವರ್ಷದ ನಂತರ, ಕೆಲಸದಲ್ಲಿದ್ದಾಗಲೇ ಡಾಕ್ಟರು ತೀರಿಕೊಂಡರು. ಅವರ ಮಣ್ಣಿಗೆ ನಾನು ಮತ್ತು ಅತ್ತೆ ಗಾಡಿಯಲ್ಲಿ ಅಣ್ಣಿಗೇರಿಗೆ ಹೋದೆವು. ಗಾಡಿ ಹೊಡೆದವನು ನನ್ನ ಗಂಡ. ಎಲ್ಲ ಹಳ್ಳಿಗಳ ಜನ ಬಂದಿದ್ದರು. ಅವರ ಹೆಂಡತಿ ಯಾವ ಊರವರೆಂದು ಕೇಳಿದಾಗ ಅತ್ತೆ, "ನಮ್ಮ ಎತ್ತು ಉಳಿಸಿದ್ರಬೇ," ಎಂದಷ್ಟೇ ಹೇಳಿ ಕೈ ಹಿಡಿದುಕೊಂಡರು.

ತಿರುಗಿ ಬರುವಾಗ ಶಲವಡಿ ದಾಟಿದ ಮೇಲೆ ಅತ್ತೆ ಬಾಯಿಬಿಟ್ಟರು.

"ಆವತ್ತ ಪೂಜಿ ಆದಮ್ಯಾಲೆ ನಾ ಇನ್ನೊಮ್ಮೆ ಹಾಕಿದ್ದೆ. ನಿಮ್ಮ ಮಾವಾರೂ ಹಾಕಿದ್ರು. ಅವರ ಕೈಯಾಗ ಬೆಲ್ಲದ ವಾಸನಿ ಹೊಡೀತಿತ್ತು."

"ನಾನೂ ಒಂದು ಬೋಗುಣಿ ಹಾಕಿದ್ದೆರಿ ಅತ್ತಿ," ಎಂದೆ.

ಮುಂದೆ ಕುಳಿತಿದ್ದ, ಅಂದು ಏನೂ ಹಾಕದೆ ಬೈಸಿಕೊಂಡಿದ್ದ ನನ್ನ ಗಂಡ ಹಗ್ಗ ಜಗ್ಗಿ ಗಾಡಿಯನ್ನು ನಡುದಾರಿಯಲ್ಲೇ ನಿಲ್ಲಿಸಿದ.